ತುರ್ದಕುನ್ ಕಟ್ಟಿದ ಹೋಸು

ಸೋಸ್ನೊವ್ಕಾದಲ್ಲಿ ತುರ್ದಕುನನ ಮನೆ ಯಾವುದು ಅಂತ ಕೇಳಿದರೆ ಊರವರೇ ಒಂದು ಗಳಿಗೆ ತಡವರಿಸುತ್ತಿದ್ದರು. ಹೋಸಿನ ಉಸ್ತಾ, ಅಂದರೆ ಹೋಸಿನ ಮೇಸ್ತ್ರಿ, ಎಲ್ಲಿ ಅಂದರೆ ಸಾಕು, ದಾರಿಯಲ್ಲಿ ಹುಳಿ ಬಂದ ಕುದುರೆ ಹಾಲಿನ ಕುಮಿಸ್ ಮಾರುವ ಹೆಂಗಸರೂ ಮುಖ ಎತ್ತದೆ ಕೈ ತೋರಿಸುತ್ತಿದ್ದರು. ಊರು ಮುಗಿದು ರಸ್ತೆ ಅಶೂ ಘಾಟಿಯ ಕಡೆಗೆ ಏರುವ ತಿರುವಿನಲ್ಲಿ ಒಂದು ಹಳೆಯ ಕಬ್ಬಿಣದ ಕಂಟೇನರ್, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಅದೇ ಅವನ ಗ್ಯಾರೇಜು. ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕುಳ್ಳ ಆಳು. ಒಂದು ಕಿವಿ ಸ್ವಲ್ಪ ಮಂದ. ಮಾತು ಕಡಿಮೆ, ಬೈಗುಳ ಜಾಸ್ತಿ. ಸೋವಿಯತ್ ಕಾಲದಲ್ಲಿ ಕಾರಾ-ಬಲ್ತಾದ ಸರ್ಕಾರಿ ಲಾರಿ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು. ದೇಶ ಒಡೆದು ಚೂರಾದಾಗ ಡಿಪೋವನ್ನೂ ಜನ ತಲೆಗೊಂದರಂತೆ ಕಿತ್ತು ಹೊತ್ತುಕೊಂಡು ಹೋದರು. ತುರ್ದಕುನನ ಪಾಲಿಗೆ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು ಮತ್ತು ಒಂದು ಪಾನಾ ಪೆಟ್ಟಿಗೆ ಬಂತು. ಆರು ವರ್ಷ ಸಂತೆಯಲ್ಲಿ ಈರುಳ್ಳಿ ಮಾರಿದ. ಈರುಳ್ಳಿ ಮಾರುವಾಗಲೂ ಅವನ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ ಅಂತ ಹೆಂಡತಿ ಜಿಪಾರ್ ನಗುತ್ತಿದ್ದಳು.

ಆಮೇಲೆ ಚೀನೀ ಲಾರಿಗಳು ಬಂದವು. ಘಾಟಿಯ ಆಚೆ, ಸುಸಾಮಿರ್ ಬಯಲನ್ನೂ ದಾಟಿ ಇರುವ ಗಣಿಗಳಿಂದ ಕಲ್ಲಿದ್ದಲು ತುಂಬಿಕೊಂಡು, ಅಶೂ ಹತ್ತಿ, ನೆತ್ತಿಯ ಸುರಂಗ ದಾಟಿ, ಈ ಕಡೆ ತಿರುವು ತಿರುವಾಗಿ ಇಳಿದು ರಾಜಧಾನಿಗೆ ಹೋಗುವ ಲಾರಿಗಳು. ಅವಕ್ಕೆಲ್ಲ ಟರ್ಬೊ ಇತ್ತು. ಟರ್ಬೊ ಅಂದರೆ ಹೊರಗಿನ ಗಾಳಿಯನ್ನು ಹಿಂಡಿ ಇಂಜಿನ್ನಿಗೆ ತುರುಕುವ ಚಕ್ರ. ಹಿಂಡಿದ ಗಾಳಿ ಕಾದ ಹೆಂಚಿನಂತೆ ಬಿಸಿಯಾಗುತ್ತದೆ; ಅದನ್ನು ಲಾರಿಯ ಮೂತಿಯಲ್ಲಿರುವ ಇಂಟರ್‌ಕೂಲರಿನಲ್ಲಿ ತಣಿಸಿ ಇಂಜಿನ್ನಿಗೆ ಕೊಡಬೇಕು. ಅಲ್ಲಿಂದ ಇಲ್ಲಿಗೆ ಗಾಳಿಯನ್ನು ಒಯ್ಯುವುದು ತೋಳಿನಷ್ಟು ದಪ್ಪದ ರಬ್ಬರ್ ಹೋಸುಗಳು. ಸಮತಟ್ಟು ರಸ್ತೆಯಲ್ಲಿ ಅವಕ್ಕೇನೂ ಕಷ್ಟವಿಲ್ಲ. ತುಂಬಿದ ಲಾರಿ ಏರು ಹತ್ತುವಾಗ ಒಳಗಿನ ಒತ್ತಡ ಏರುತ್ತ ಹೋಗಿ, ಎಲ್ಲೋ ಒಂದು ತಿರುವಿನಲ್ಲಿ ಢಮ್ಮೆಂದು ಹೋಸು ಕಳಚಿಕೊಳ್ಳುತ್ತದೆ. ಕಪ್ಪು ಹೊಗೆ ಉಗುಳಿ, ಶಕ್ತಿಯೆಲ್ಲ ಸೋರಿಹೋಗಿ, ಲಾರಿ ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ರಸ್ತೆ ನಡುವೆ ಕೂತುಬಿಡುತ್ತದೆ.

ಡ್ರೈವರುಗಳು ತಮಗೆ ತೋಚಿದ್ದು ಮಾಡುತ್ತಿದ್ದರು. ತಂತಿ ಸುತ್ತುತ್ತಿದ್ದರು, ಬೆಲ್ಟು ಬಿಗಿಯುತ್ತಿದ್ದರು, ಕ್ಲಾಂಪನ್ನು ರಬ್ಬರೇ ಕತ್ತರಿಸಿಹೋಗುವಷ್ಟು ತಿರುಗಿಸುತ್ತಿದ್ದರು. ಹಾಗೆ ಬಂದವರಲ್ಲಿ ಕಲ್ಮುರ್ಜಾ ಒಬ್ಬ. ಉದ್ದನೆಯ ಆಳು, ಬಾಯಿ ತುಂಬ ಚಿನ್ನದ ಹಲ್ಲು, ಎರಡು ವಾರಕ್ಕೊಮ್ಮೆ ಹೋಸು ಕಳಚಿಕೊಂಡು ಬರುವ ಗಿರಾಕಿ.

"ಇದೇನಯ್ಯ ಇದು, ಕುರಿ ಕಾಲು ಕಟ್ಟಿದಂಗೆ ಕಟ್ಟಿದ್ದೀಯ?" ಎಂದು ತುರ್ದಕುನ್ ತಂತಿಯನ್ನು ಕಿತ್ತು ಬಿಸಾಡಿದ.

"ಕುರಿ ಆದ್ರೆ ಓಡ್ತಿರ್ಲಿಲ್ಲ ಉಸ್ತಾ. ಇದು ಓಡೋಗತ್ತಲ್ಲ!"

"ಒಳಗೆ ಕೈ ಹಾಕಿ ನೋಡು. ಎಣ್ಣೆ. ಎಣ್ಣೆ ಸವರಿದ ನುಣುಪು ಪೈಪಿನ ಮೇಲೆ ಎಷ್ಟು ಬಿಗಿದ್ರೇನು, ಜಾರದೆ ಇರತ್ತಾ? ನಿನ್ ಹೆಂಡ್ತಿ ಮೀನು ಹಿಡಿದಂಗೆ ಹಿಡ್ಕೊಂಡಿದ್ದೀಯ ನೀನು."

ತುರ್ದಕುನ್ ಒಂದು ಇಡೀ ಚಳಿಗಾಲ ಅದರ ಹಿಂದೆ ಬಿದ್ದ. ಪೈಪಿನ ತುದಿಗೆ ಸುತ್ತಲೂ ವೆಲ್ಡಿಂಗ್ ಗೆರೆ ಎಳೆದು, ಅರದಿಂದ ಉಜ್ಜಿ, ಬಳೆಯಂಥ ಅಂಚು ಕೂರಿಸಿದ. ಹೋಸಿನ ಒಳಮೈ, ಪೈಪಿನ ಹೊರಮೈ ಎರಡನ್ನೂ ಪೆಟ್ರೋಲಿನಲ್ಲಿ ತೊಳೆದು ಬಟ್ಟೆ ಕಪ್ಪಾಗದವರೆಗೆ ಒರೆಸಿದ. ಕ್ಲಾಂಪು ಅಂಚಿನ ಮೇಲೆ ಕೂರಬಾರದು, ಅದರ ಹಿಂದೆ ಕೂರಬೇಕು. ಕಿರಿದಾದ ಪಟ್ಟಿಯಲ್ಲ, ಬೋಲ್ಟಿರುವ ಅಗಲ ಉಕ್ಕಿನ ಪಟ್ಟಿ. ಮೊದಲ ಸಲ ಕಾದು ತಣಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಏರಿನಲ್ಲಿ ಇಂಜಿನ್ ತನ್ನ ರಬ್ಬರ್ ಕಾಲುಗಳ ಮೇಲೆ ಹೊರಳಾಡಿ ಹೋಸನ್ನು ಎಳೆಯುತ್ತದೆಂದು ಗೊತ್ತಾದಾಗ ಎರಡು ಪೈಪುಗಳ ನಡುವೆ ಒಂದು ಸರಳು ಹಾಕಿ ಒಂದನ್ನೊಂದು ಬಿಡದಂತೆ ಬೆಸೆದ. ಜೋಡಿಸುವ ಮುಂಚೆ ಪೈಪಿಗೆ ಜಿಪಾರ್‌ಳ ಕೂದಲಿನ ಸ್ಪ್ರೇ ಹೊಡೆದರೆ ಅದು ಒಣಗಿ ಅಂಟಿನಂತೆ ಹಿಡಿಯುತ್ತದೆಂದು ಯಾರೋ ಹೇಳಿದ್ದನ್ನೂ ಬಿಡಲಿಲ್ಲ.

"ರೀ, ನನ್ ತಲೆಗೆ ಹಾಕೋದನ್ನ ಲಾರಿಗೆ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಜಿಪಾರ್ ಖಾಲಿ ಡಬ್ಬಿ ಅಲ್ಲಾಡಿಸಿದಳು. "ನಮ್ಮಣ್ಣನ ಮಗಳ ಮದುವೆಗೆ ನಾನು ಹೆಂಗ್ ಹೋಗ್ಲಿ?"

"ಪಟ್ಟಿ ಹಾಕಿ ಬಿಗೀತೀನಿ ಬಾ," ಎಂದ ತುರ್ದಕುನ್.

ಕೊನೆಗೆ ಎರಡು ತುದಿಗೂ ಮುಚ್ಚಳ ಹಾಕಿ, ಕಂಪ್ರೆಸರಿನಿಂದ ಗಾಳಿ ತುಂಬಿ, ಸೋಪುನೀರು ಸವರಿ ಕೂತು ನೋಡುತ್ತಿದ್ದ. ಒಂದು ಗುಳ್ಳೆ ಎದ್ದರೂ ಎಲ್ಲ ಬಿಚ್ಚಿ ಮೊದಲಿನಿಂದ ಶುರು. ವಸಂತ ಬರುವ ಹೊತ್ತಿಗೆ ಅವನು ಕಟ್ಟಿದ ಹೋಸು ಬಿಚ್ಚಿಕೊಳ್ಳುವುದಿಲ್ಲ ಎಂಬ ಮಾತು ಗಣಿಯವರೆಗೂ ಹೋಗಿತ್ತು.

ಬೇಶೆನ್ ಬಂದದ್ದು ಆಗ. ಅವನು ಜಿಪಾರ್‌ಳ ಕೊನೆಯ ತಮ್ಮ. ತಾಯಿ ಸತ್ತಾಗ ಅವನಿಗೆ ಏಳು ವರ್ಷ. ಅಕ್ಕನ ಮದುವೆಯಾದ ಮೇಲೆ ಅವಳ ಜೊತೆಗೇ ಬಂದು, ತುರ್ದಕುನನ ಒಲೆಯ ಪಕ್ಕದಲ್ಲೇ ಬೆಳೆದವನು. ಮಕ್ಕಳಿಲ್ಲದ ಆ ಮನೆಗೆ ಅವನೇ ತಮ್ಮ, ಅವನೇ ಮಗ. ಈಗ ಅವನಿಗೂ ಗುಲ್ಸುನ್ ಎಂಬ ಹೆಂಡತಿ, ಮೂರು ಹೆಣ್ಣುಮಕ್ಕಳು, ಸ್ವಂತದ್ದೊಂದು ಲಾರಿ. ಎಲ್ಲಿ ಹೋದರೂ ನಗು ಮುಂದೆ ಹೋಗಿ, ಆಮೇಲೆ ಅವನು ಹೋಗುತ್ತಿದ್ದ.

"ಭಾವ, ಊರಿಗೆಲ್ಲ ಮಾಡ್ತೀರ, ಮನೆಯವನಿಗೆ ಏನು ಸ್ಪೆಷಲ್ಲು?"

"ಸ್ಪೆಷಲ್ ಅಂದ್ರೆ?"

"ಟರ್ಬೊಗೆ ಕಡಿವಾಣ ಹಾಕೋ ಸರಳಿನ ನಟ್ಟು ಇದೆಯಲ್ಲ, ಅದನ್ನ ಇನ್ನೊಂದ್ ನಾಕು ಸುತ್ತು ಬಿಗೀರಿ. ಗಾಳಿ ಜಾಸ್ತಿ ತುರುಕ್ಲಿ. ಮೂವತ್ತೈದು ಟನ್ ಎಳೀಬೇಕು ನನ್ ಗಾಡಿ."

"ಇಪ್ಪತ್ತೈದರ ಗಾಡಿ ಕಣೋ ಅದು."

"ಗಾಡಿಗೆ ಓದಕ್ ಬರಲ್ಲ ಭಾವ. ಹೊಟ್ಟೆ ಮೇಲೆ ಇಪ್ಪತ್ತೈದು ಅಂತ ಬರೆದಿರೋದು ಅದಕ್ಕೇನ್ ಗೊತ್ತು?"

ತುರ್ದಕುನ್ ನಕ್ಕ. ನಕ್ಕು, "ಹತ್ತತ್ತೆ ಸರಿ, ಇಳಿಯೋದು ಹೆಂಗೆ?" ಎಂದು ಕೇಳಿದ.

"ಇಳಿಯಕ್ಕೆ ಟರ್ಬೊ ಯಾಕೆ ಭಾವ? ಭೂಮಿತಾಯಿನೇ ಎಳ್ಕೋತಾಳೆ!"

ಇಬ್ಬರೂ ನಕ್ಕರು. ಅವತ್ತು ತುರ್ದಕುನ್ ನಟ್ಟು ಬಿಗಿದ. ಜಾಸ್ತಿ ಒತ್ತಡಕ್ಕೆಂದು ಹೋಸಿಗೆ ಜೋಡಿ ಕ್ಲಾಂಪು ಹಾಕಿದ, ಅಂಚನ್ನು ಎತ್ತರಿಸಿದ, ಸರಳನ್ನು ದಪ್ಪ ಮಾಡಿದ. ಸೋಪುನೀರಿನ ಮುಂದೆ ಭಾವ, ಬಾಮೈದ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಎಣ್ಣೆಯಲ್ಲಿ ಕರಿದ ಬೌರ್ಸೋಕ್ ತಿನ್ನುತ್ತ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ತನ್ನ ಬದುಕಿನಲ್ಲಿ ಅದಕ್ಕಿಂತ ಚೊಕ್ಕ ಕೆಲಸ ಮಾಡಿಲ್ಲ ಅಂತ ಅವನಿಗೇ ಅನ್ನಿಸಿತು.

ಮೂವತ್ತೈದು ಮೂವತ್ತೆಂಟಾಯಿತು, ಮೂವತ್ತೆಂಟು ನಲವತ್ತು ದಾಟಿತು. ಬೇಶೆನ್ ಅಶೂ ಏರನ್ನು ಕುದುರೆಯ ಹಾಗೆ ಹತ್ತುತ್ತಾನೆ, ಹೊಗೆಯೇ ಇಲ್ಲ, ಹೋಸು ಉಸಿರೆತ್ತುವುದಿಲ್ಲ ಎಂದು ಡ್ರೈವರುಗಳು ಚಹಾದಂಗಡಿಯಲ್ಲಿ ಹೇಳಿಕೊಳ್ಳುವುದು ತುರ್ದಕುನನ ಮಂದ ಕಿವಿಗೂ ಬೀಳುತ್ತಿತ್ತು. ಅವನು ಕೇಳದವನಂತೆ ಚಹಾ ಹೀರುತ್ತಿದ್ದ. ಒಳಗೊಳಗೆ ಬೆಚ್ಚಗಾಗುತ್ತಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಇರಬಹುದು, ಅವನು ಒಂದು ಲಾರಿಯ ಕೆಳಗೆ ಮಲಗಿದ್ದ. ಕಲ್ಮುರ್ಜಾನ ಬೂಟು ಕಾಣಿಸಿತು. ಬೂಟು ಸುಮ್ಮನೆ ನಿಂತಿತ್ತು. ಯಾವಾಗಲೂ ದೂರದಿಂದಲೇ ಕೂಗಿಕೊಂಡು ಬರುವ ಮನುಷ್ಯ.

"ಏನೋ?"

"ಉಸ್ತಾ, ಹೊರಗೆ ಬನ್ನಿ."

"ಮುಗೀತು, ಇದೊಂದು ನಟ್ಟು."

"ನಟ್ಟು ಬಿಡಿ ಉಸ್ತಾ. ಬೇಶೆನ್..."

ಕಲ್ಮುರ್ಜಾ ತನ್ನ ಲಾರಿಯಲ್ಲೇ ಅವನನ್ನು ಮೇಲಕ್ಕೆ ಕರೆದೊಯ್ದ. ಸುರಂಗಕ್ಕೆ ಇನ್ನೂ ಐದಾರು ತಿರುವು ಇದೆ ಅನ್ನುವಾಗಲೇ ಸುಟ್ಟ ಬ್ರೇಕಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಆಮೇಲೆ ರಸ್ತೆಯ ಅಂಚಿನ ಕಲ್ಲುಗೋಡೆ ಇಲ್ಲದ ಜಾಗ. ಅದರ ಕೆಳಗೆ ಇಳಿಜಾರಿನ ಹಳದಿ ಹುಲ್ಲಿನ ಮೇಲೆ ಕಲ್ಲಿದ್ದಲು ಸುರಿದು ಬೆಟ್ಟದ ಒಂದು ಮಗ್ಗುಲೇ ಕಪ್ಪಾಗಿತ್ತು.

ಬೇಶೆನನನ್ನು ಆಗಲೇ ಹೊರಗೆ ತೆಗೆದು ಕಂಬಳಿ ಹೊದಿಸಿದ್ದರು. ತುರ್ದಕುನ್ ಕಂಬಳಿ ಸರಿಸಿ ಮುಖ ನೋಡಿದ. ಮುಖಕ್ಕೆ ಏನೂ ಆಗಿರಲಿಲ್ಲ. ಹುಬ್ಬಿನ ಮೇಲಿದ್ದ ಕಲ್ಲಿದ್ದಲ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ. ಅವನ ಬೆರಳಿನದೇ ಗ್ರೀಸು ಹಣೆಗೆ ಹತ್ತಿತು. ಅದನ್ನು ತೋಳಿನಿಂದ ಒರೆಸಿದ. ಹೋಗಲಿಲ್ಲ.

ಲಾರಿಯ ಮುಂಭಾಗ ಕಿತ್ತುಹೋಗಿ ಇಂಜಿನ್ ಬಯಲಾಗಿತ್ತು. ಅದನ್ನು ನೋಡಬಾರದು ಅಂದುಕೊಂಡ, ನೋಡಿದ. ಇಂಟರ್‌ಕೂಲರ್ ಅಪ್ಪಚ್ಚಿ. ಪೈಪು ಡೊಂಕು. ಪೈಪಿನ ಮೇಲೆ ಹೋಸು ತಾನು ಕೂರಿಸಿದ ಜಾಗದಿಂದ ಒಂದು ಕೂದಲೆಳೆಯಷ್ಟೂ ಜಾರಿರಲಿಲ್ಲ. ಎರಡು ಕ್ಲಾಂಪೂ ಅಂಚಿನ ಹಿಂದೆ ನೆಟ್ಟಗೆ ಕೂತಿದ್ದವು. ಸುತ್ತ ಎಣ್ಣೆಯ ಪಸೆಯಿಲ್ಲ.

ಪೊಲೀಸಿನವನು ಹಾಳೆಯ ಮೇಲೆ ಏನೋ ಬರೆಯುತ್ತಿದ್ದ. "ಬ್ರೇಕ್ ಕಾದು ಹಿಡಿತ ಬಿಟ್ಟಿದೆ. ನಲವತ್ತೊಂದು ಟನ್ನಂತೆ. ಇಷ್ಟು ಹೊತ್ಕೊಂಡು ಮೇಲೆ ಹತ್ತಿದ್ದಾದ್ರೂ ಹೆಂಗೆ ಇದು?"

ಕಲ್ಮುರ್ಜಾ ತುರ್ದಕುನನ ಹೆಗಲ ಮೇಲೆ ಕೈಯಿಟ್ಟ. ಸಮಾಧಾನಕ್ಕೆಂದೇ ಹೇಳಿದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ನಿಮ್ದೇನೂ ತಪ್ಪಿಲ್ಲ ಉಸ್ತಾ. ನೋಡಿ, ಎಲ್ಲ ಪುಡಿಪುಡಿ ಆದ್ರೂ ನಿಮ್ಮ ಹೋಸು ಮಾತ್ರ ಅಲ್ಲಾಡಿಲ್ಲ."

ಬೇಶೆನನ ಮನೆಯಂಗಳದಲ್ಲಿ ಹೆಣ ಇಡಲು ಉಣ್ಣೆಯ ಡೇರೆ, ಯುರ್ತಾ, ಎತ್ತಿದರು. ಒಳಗೆ ಹೆಂಗಸರು ಗೋಡೆಯ ಕಡೆ ಮುಖ ಮಾಡಿ ಹಾಡಿಕೊಂಡು ಅತ್ತರು. ಹೊರಗೆ ಗಂಡಸರು ಕೋಲೂರಿ ನಿಂತು, ಬರುವವರು ಕಂಡಾಗಲೆಲ್ಲ "ಅಯ್ಯೋ ನನ್ನ ಕರುಳೇ" ಎಂದು ಗಟ್ಟಿಯಾಗಿ ಅಳಬೇಕು. ತುರ್ದಕುನ್ ಸಾಲಿನ ಮೊದಲಿಗ. ಎರಡು ದಿನ ನಿಂತು ಅತ್ತ, ಗಂಟಲು ಬಿದ್ದುಹೋಯಿತು. ಘಾಟಿಯ ಡ್ರೈವರುಗಳೆಲ್ಲ ಬಂದರು. ಅಪ್ಪಿಕೊಂಡರು. ಅಪ್ಪಿಕೊಂಡಾಗ ಒಬ್ಬ ಒಳ್ಳೆಯ ಕಿವಿಯ ಕಡೆಯೇ ಬಾಗಿ ಮೆಲ್ಲಗೆ ಕೇಳಿದ:

"ಏಳನೇ ದಿನದ ಕಾರ್ಯ ಮುಗಿದ್ಮೇಲೆ ಬರ್ಲಾ ಉಸ್ತಾ? ಬೇಶೆನಿಗೆ ಕಟ್ಟಿದ್ರಲ್ಲ, ಅದೇ ಥರ ನಂಗೂ ಬೇಕು. ಅಷ್ಟು ಎತ್ತರದಿಂದ ಬಿದ್ರೂ ಬಿಚ್ಚಿಲ್ವಂತಲ್ಲ!"

ತುರ್ದಕುನನ ಕೈಯಿಂದ ಕೋಲು ಜಾರಿ ಬಿತ್ತು. ಅಪ್ಪಿಕೊಂಡವನನ್ನು ಕಂಡು ಇವನಿಗೆ ದುಃಖ ಉಕ್ಕಿತೆಂದುಕೊಂಡು ಪಕ್ಕದವರು ಎತ್ತಿಕೊಟ್ಟರು.

ಆಮೇಲಿನ ದಿನಗಳಲ್ಲಿ ಅವನು ಗ್ಯಾರೇಜಿಗೆ ಹೋಗಿ ಬಾಗಿಲು ತೆರೆದು ಸುಮ್ಮನೆ ಕೂತು ಬರುತ್ತಿದ್ದ. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಜಿಪಾರ್ ಕೇಳಿಯೇಬಿಟ್ಟಳು.

"ಅವನ ಬ್ರೇಕ್ ನೋಡ್ತಿದ್ದಿದ್ದು ನೀವಾ?"

"ಅಲ್ಲ."

"ಅಷ್ಟು ತುಂಬು ಅಂತ ಹೇಳಿದ್ದು ನೀವಾ?"

"ಅಲ್ಲ."

"ಮತ್ತೆ ಯಾಕ್ರೀ ಹಿಂಗ್ ಸಾಯ್ತೀರಿ ದಿನಾ? ಹೋದವನು ನನ್ ತಮ್ಮ. ನಾನು ಅಳೋದೋ ನಿಮ್ಮನ್ನ ನೋಡ್ಕೊಳೋದೋ?"

"ಮುಂಚೆಲ್ಲ ಹೋಸು ಬಿಚ್ಕೋತಿತ್ತು ಕಣೇ," ಎಂದ ತುರ್ದಕುನ್. "ಜಾಸ್ತಿ ತುಂಬಿದ್ರೆ ಏರಲ್ಲೇ ಬಿಚ್ಕೋತಿತ್ತು. ಗಾಡಿ ಆ ಕಡೆಯೇ ನಿಂತೋಗ್ತಿತ್ತು. ಬೈಕೊಂಡು ಅರ್ಧ ಲೋಡು ಇಳಿಸಿ ಬರೋರು. ಹತ್ತಕ್ಕೇ ಆಗದ ಗಾಡಿ ಇಳಿಜಾರಲ್ಲಿ ಹೆಂಗ್ ಉರುಳತ್ತೆ? ನಾನು ಅದನ್ನ ಬಿಚ್ಚದಂಗೆ ಮಾಡ್ದೆ."

ಜಿಪಾರ್ ಇಲ್ಲ ಎನ್ನಲು ಬಾಯಿ ತೆರೆದಳು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಇಲ್ಲ ಅಂದರೆ ಸಾಕು, ಸುಳ್ಳಾದರೂ ಸರಿ, ಎಂದು ಅವನು ಕಾದ.

ಕೆಲಸ ಬಿಟ್ಟುಬಿಡಬೇಕು ಎಂದುಕೊಂಡ. ಆದರೆ ತಾನು ಬಿಟ್ಟರೆ ಮತ್ತೊಬ್ಬ ಕಟ್ಟುತ್ತಾನೆ. ಆಗಲೇ ಕಾರಾ-ಬಲ್ತಾದಲ್ಲಿ ಇಬ್ಬರು ಅವನ ಅಂಚು, ಅವನ ಸರಳು ನೋಡಿ ಕಲಿತಿದ್ದರು. ಆಗ ಅವನ ತಲೆಗೆ ಒಂದು ಯೋಚನೆ ಹೊಕ್ಕಿತು. ಕಟ್ಟುವುದು, ಆದರೆ ಬಿಚ್ಚಿಕೊಳ್ಳುವ ಹಾಗೆ ಕಟ್ಟುವುದು. ನ್ಯಾಯವಾದ ಲೋಡಿಗೆ ನಿಲ್ಲಬೇಕು, ಅದಕ್ಕೆ ಮೀರಿದರೆ ಏರಿನಲ್ಲೇ ಕಳಚಬೇಕು. ಯಾರಿಗೂ ಹೇಳಲಿಲ್ಲ. ಡಿಸೆಂಬರ್ ಪೂರ್ತಿ ಬಂದವರಿಗೆಲ್ಲ ಅಂಚನ್ನು ಅರದಿಂದ ತಗ್ಗಿಸಿ, ಒಂದೇ ಕ್ಲಾಂಪು ಹಾಕಿ, ಕಂಪ್ರೆಸರಿನ ಮುಳ್ಳು ನೋಡುತ್ತ, ತಾನು ಎಣಿಸಿದ ಒತ್ತಡಕ್ಕೆ ಸರಿಯಾಗಿ ಜಾರುವಂತೆ ಬಿಗಿದು ಕಳಿಸಿದ. ಕಲ್ಮುರ್ಜಾನ ಲಾರಿಗೂ ಹಾಗೇ ಮಾಡಿದ. ಆ ತಿಂಗಳು ಅವನಿಗೆ ಸ್ವಲ್ಪ ಹಸಿವಾಯಿತು. ಮಾಂಸದ ಸಾರು ಶೋರ್ಪೋ ಎರಡನೇ ಬಟ್ಟಲು ಕೇಳಿದಾಗ ಜಿಪಾರ್ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಜನವರಿಯ ಕೊನೆಯಲ್ಲಿ ಅಶೂ ಮೇಲೆ ಎರಡು ದಿನ ಹಿಮಗಾಳಿ ಬೀಸಿತು, ದಾರಿ ಮುಚ್ಚಿತು. ದಾರಿ ತೆರೆದು ಮೂರು ವಾರದ ಮೇಲೆ ಕಲ್ಮುರ್ಜಾ ಗ್ಯಾರೇಜಿಗೆ ಬಂದ. ಲಾರಿಯಲ್ಲಲ್ಲ, ನಡೆದುಕೊಂಡು. ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಬಟ್ಟೆಯ ಆಕಾರ ಕೈಯಂತಿರಲಿಲ್ಲ.

"ಏನಾಯ್ತೋ?"

"ಮೂರು ಬೆರಳು ತೆಗೆದ್ರು ಉಸ್ತಾ. ಆಚೆ ಕಡೆ ಏರಲ್ಲಿ ಹೋಸು ಬಿಚ್ಕೊಂತು. ಗಾಳಿ ಅಂದ್ರೆ ಗಾಳಿ, ಮುಂದಿನ ಗಾಜೇ ಕಾಣ್ತಿಲ್ಲ. ಇಂಜಿನ್ ನಿಲ್ಲಿಸಿ ಹಾಕೋಣ ಅಂತ ಇಳಿದೆ. ಕೈಗವಸು ಹಾಕ್ಕೊಂಡ್ರೆ ಬೋಲ್ಟು ಸಿಗಲ್ಲ, ತೆಗೆದ್ರೆ ಪಾನಾ ಚರ್ಮಕ್ಕೇ ಅಂಟ್ಕೊಳತ್ತೆ. ಅಷ್ಟರಲ್ಲಿ ಡೀಸೆಲ್ ಗಂಜಿ ಆಗಿತ್ತು, ಇಂಜಿನ್ ಹತ್ತಲೇ ಇಲ್ಲ. ಹಿಮ ಬಳಿಯೋ ಗಾಡಿ ಬರೋ ಹೊತ್ತಿಗೆ..." ಅವನು ಚಿನ್ನದ ಹಲ್ಲು ತೋರಿಸಿ ನಗಲು ನೋಡಿದ. "ಹೋಗ್ಲಿ ಬಿಡಿ. ರಬ್ಬರ್ ಸಾಮಾನು, ಯಾವತ್ತೋ ಒಂದಿನ ಕೈ ಕೊಡತ್ತೆ. ನಿಮ್ಮ ಮೇಲೆ ಕೋಪ ಏನಿಲ್ಲ ಅಂತ ಹೇಳಕ್ಕೇ ಬಂದೆ. ಜನ ಏನೇನೋ ಆಡ್ಕೊಂಡು ನಿಮಗೆ ಬೇಜಾರಾಗ್ಬಾರ್ದು."

ತುರ್ದಕುನ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ. ತಾನು ಕೂರಲಿಲ್ಲ.

"ರಬ್ಬರ್ ಕೈ ಕೊಡ್ಲಿಲ್ಲ ಕಲ್ಮುರ್ಜಾ. ನಾನೇ ಹಂಗ್ ಕಟ್ಟಿದ್ದು."

"ಹಂಗ್ ಅಂದ್ರೆ?"

"ಬಿಚ್ಕೊಳೋ ಹಂಗೆ. ಬೇಕಂತಲೇ. ನೀನೂ ಬೇಶೆನ್ ಥರ ನಲವತ್ತು ತುಂಬ್ಕೊಂಡು ಆ ಇಳಿಜಾರಿಗೆ ಬರ್ಬಾರ್ದು ಅಂತ."

ಕಲ್ಮುರ್ಜಾ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದ. ಹೊರಗೆ ರಸ್ತೆಯಲ್ಲಿ ಖಾಲಿ ಲಾರಿಯೊಂದು ಗಡಗಡ ಸದ್ದು ಮಾಡುತ್ತ ಮೇಲಕ್ಕೆ ಹೋಯಿತು.

"ನನ್ನ ಒಂದ್ ಮಾತು ಕೇಳಿದ್ರಾ ಉಸ್ತಾ?"

"ಇಲ್ಲ."

"ಬೇಶೆನ್ ಸತ್ತ ದಿನದಿಂದ ನಾನು ಜಾಸ್ತಿ ತುಂಬ್ಸಿಲ್ಲ. ಅವತ್ತು ಇದ್ದಿದ್ದು ಇಪ್ಪತ್ನಾಲ್ಕು." ಅವನ ದನಿ ಏರಲಿಲ್ಲ. "ಇಪ್ಪತ್ನಾಲ್ಕೇ ಟನ್ನು."

ತುರ್ದಕುನನಿಗೆ ಆಗ ಹೊಳೆಯಿತು. ಅವನು ಬಿಗಿದದ್ದು ಒಲೆ ಉರಿಯುವ ಕಂಟೇನರಿನೊಳಗೆ. ಮೇಲೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ರಬ್ಬರು ಸೆಟೆದು ಕುಗ್ಗಿ, ಬಿಗಿ ತಾನಾಗಿ ಸಡಿಲವಾಗುತ್ತದೆ. ನ್ಯಾಯದ ಲೋಡಿಗೂ ಜಾರುತ್ತದೆ. ಈ ಕೆಲಸಕ್ಕೆ ಕೈಹಾಕಿದ ಯಾವನಿಗಾದರೂ ಗೊತ್ತಿರುವ ವಿಷಯ. ಜೋಡಿ ಕ್ಲಾಂಪು, ಎತ್ತರದ ಅಂಚು ಇವೆಲ್ಲ ಅಂಥ ಚಳಿಯನ್ನೂ ತಡೆಯುತ್ತಿದ್ದವು. ಉಸ್ತಾ ಎನಿಸಿಕೊಂಡ ಅವನಿಗೆ ಅದು ಮರೆತುಹೋಗಿತ್ತು.

ಏನಾದರೂ ಹೇಳಬೇಕಿತ್ತು. "ಚಹಾ ಕುಡೀತೀಯಾ?" ಎಂದ.

ಕಲ್ಮುರ್ಜಾ ಎದ್ದ. ಬಾಗಿಲ ಬಳಿ ನಿಂತು, ಎಡಗೈಯಲ್ಲಿ ತಡಕಾಡಿ ಟೋಪಿಯ ಕಿವಿ ಇಳಿಸಿಕೊಂಡ. "ಉಳಿದವರಿಗೆ ಹೇಳಿ ಉಸ್ತಾ. ಇವತ್ತೇ ಹೇಳಿ. ಇನ್ನೂ ಎಷ್ಟು ಜನ ಆ ಹೋಸು ಹಾಕ್ಕೊಂಡು ಓಡ್ತಿದ್ದಾರೋ."

ಹೇಳಿದ. ಒಬ್ಬೊಬ್ಬರನ್ನೇ ರಸ್ತೆಯಲ್ಲಿ ಕೈಯಡ್ಡ ಮಾಡಿ ನಿಲ್ಲಿಸಿ, ಹೋಸು ಬಿಚ್ಚಿಸಿ, ಹೊಸ ಅಂಚು ಕೂರಿಸಿ, ಜೋಡಿ ಕ್ಲಾಂಪು ಬಿಗಿದ. ಕೆಲವರು ಬೈದರು, ಒಬ್ಬ ಕೊರಳಪಟ್ಟಿ ಹಿಡಿದ, ಹೆಚ್ಚಿನವರು ಏನೂ ಅರ್ಥವಾಗದೆ ಥ್ಯಾಂಕ್ಸ್ ಹೇಳಿ ಹೋದರು. ಹನ್ನೊಂದು ಲಾರಿ. ಅದೇ ಗಾಡಿಗಳು ವಾರದೊಳಗೆ ಮೂವತ್ತೈದು, ನಲವತ್ತು ಟನ್ ಹೊತ್ತು ಘಾಟಿ ಇಳಿದು ಬರುವುದನ್ನು ಅವನು ಟೈರಿನ ಹೊಟ್ಟೆ ನೋಡಿಯೇ ತಿಳಿದ. ಅವನು ಬಿಗಿದದ್ದು ಎಲ್ಲವೂ ನಿಂತಿತ್ತು. ಹೊಸದಾಗಿ ಹೋಸು ಕಟ್ಟಿಸಲು ಹನ್ನೆರಡನೆಯದು ಬಂದಾಗ ಕಂಟೇನರಿಗೆ ಬೀಗ ಹಾಕಿದ. ಅದನ್ನು ಮತ್ತೆ ತೆಗೆಯಲಿಲ್ಲ. ಬೇಸಿಗೆಯಲ್ಲಿ ಕಾರಾ-ಬಲ್ತಾದ ಒಬ್ಬ ಬಂದು ವೆಲ್ಡಿಂಗ್ ಯಂತ್ರ ಒಯ್ದ. ತನ್ನ ಗ್ಯಾರೇಜಿನ ಮುಂದೆ ಅವನು "ತುರ್ದಕುನ್ ಉಸ್ತಾನ ಪದ್ಧತಿ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾನಂತೆ. ತುರ್ದಕುನ್ ಜಿಪಾರ್‌ಳ ಜೊತೆ ಆಲೂಗೆಡ್ಡೆ ಹೊಲಕ್ಕೆ ಹೋಗತೊಡಗಿದ.

ಬೇಶೆನನ ವರ್ಷದ ಊಟ, ವರ್ಷ ತುಂಬಲು ಇನ್ನೂ ಕೆಲವು ದಿನ ಇರುವಾಗಲೇ, ಸೆಪ್ಟೆಂಬರಿನಲ್ಲೇ ಆಯಿತು. ಊಟಕ್ಕೆ ಕುದುರೆ ಕಡಿದಿದ್ದರು. ಗುಲ್ಸುನ್ ಒಂದು ವರ್ಷದ ಕಪ್ಪು ಬಟ್ಟೆ ತೆಗೆದು ಬಿಳಿ ರುಮಾಲು ಕಟ್ಟಿದ್ದಳು. ಮುಖ ಮಾತ್ರ ಹತ್ತು ವರ್ಷ ಮುಂದೆ ಹೋಗಿತ್ತು. ತುರ್ದಕುನ್ ಬಾಗಿಲ ಹತ್ತಿರ ಮೂಲೆಯಲ್ಲಿ ಕೂರಲು ಹೋದರೆ ಅವಳೇ ಬಂದು ಕೈಹಿಡಿದು ಎದುರುಗೋಡೆಯ ದೊಡ್ಡವರ ಜಾಗದಲ್ಲಿ ಕೂರಿಸಿದಳು. ದೊಡ್ಡವರಿಗೇ ಕೊಡುವ ಸೊಂಟದ ಮೂಳೆಯ ತುಂಡನ್ನು ಅವನ ತಟ್ಟೆಗೆ ಇಟ್ಟಳು.

"ನಂಗೆ ಬೇಡ ತಾಯಿ. ಹಿರಿಯರು ಇದ್ದಾರೆ."

"ನಿಮಗಿಂತ ಯಾರಣ್ಣ ಹಿರಿಯರು?" ಎಂದಳು ಗುಲ್ಸುನ್. ಸುತ್ತ ಕೂತವರಿಗೆ ಕೇಳುವಂತೆ ಹೇಳಿದಳು. "ಅವರನ್ನ ಸಾಕಿ ದೊಡ್ಡೋರ್ ಮಾಡಿದ್ದು ನೀವು. ಆ ಹಾಳು ಗಾಡೀಲಿ ಎಲ್ಲ ಕೈ ಕೊಟ್ರೂ ನಿಮ್ಮ ಕೆಲಸ ಒಂದು ಕೈ ಕೊಡ್ಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನನ್ನ ಮಕ್ಕಳಿಗೂ ಹೇಳಿದ್ದೀನಿ ಅಣ್ಣಾ. ಮಾವ ಇದ್ದಂಗೆ ಇರ್ಬೇಕು ಅಂತ."

ತುರ್ದಕುನನ ಬಾಯಿ ತೆರೆದುಕೊಂಡಿತು. ಪಕ್ಕದಲ್ಲಿದ್ದ ಜಿಪಾರ್ ಮೇಜುಬಟ್ಟೆಯ ಕೆಳಗೆ ಅವನ ಮೊಣಕಾಲನ್ನು ಒತ್ತಿ ಹಿಡಿದಳು. ಬಲವಾಗಿ ಹಿಡಿದಳು. ಮೂವರು ಹೆಣ್ಣುಮಕ್ಕಳು ಬಾಗಿಲಲ್ಲಿ ಬೌರ್ಸೋಕ್ ತಟ್ಟೆ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು. ಅವನು ಚಾಕು ತೆಗೆದುಕೊಂಡು ಮಾಂಸ ಕೊಯ್ದು ಬಾಯಿಗಿಟ್ಟುಕೊಂಡ. ಅಗಿದ. ನುಂಗಿದ. ಮತ್ತೆ ಕೊಯ್ದ.

ಮನೆಗೆ ಹೊರಟಾಗ ಇನ್ನೂ ಬಿಸಿಲಿತ್ತು. ಇಬ್ಬರೂ ದೊಡ್ಡ ರಸ್ತೆಯವರೆಗೆ ನಡೆದರು.

"ಅವಳ ಮುಂದೆ ಆ ಹೋಸಿನ ನಿಜ ಹೇಳದೆ ಇದ್ದಿದ್ದು ಒಳ್ಳೇದಾಯ್ತು," ಎಂದಳು ಜಿಪಾರ್. "ಅವಳಿಗೆ ಉಳಿದಿರೋದು ಅದೊಂದೇ ಮಾತು."

"ಒಳ್ಳೇದಕ್ಕೆ ಅಲ್ಲ ಕಣೇ ನಾನು ಸುಮ್ನಿದ್ದಿದ್ದು. ಹೆದರಿಕೆ."

ಘಾಟಿಯಿಂದ ಕಲ್ಲಿದ್ದಲ ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು, ಚಕ್ರಗಳಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ರಸ್ತೆ ದಾಟಲು ಅವರಿಬ್ಬರೂ ಬಹಳ ಹೊತ್ತು ಕಾಯಬೇಕಾಯಿತು.